12ನೇ ಶತಮಾನದ ರಾಣಿಗೆ ಚೂಪು ಟೋಪಿ ಹಾಕಬಹುದಾ? ನಾಟಕದ ಉಡುಪಿಗೆ ಸಹಾಯ ಬೇಕು

ನೇಪಥ್ಯದಾಕೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಹವ್ಯಾಸಿ ತಂಡದಲ್ಲಿ ಉಡುಪಿನ ಕೆಲಸ ನೋಡಿಕೊಳ್ಳುತ್ತೇನೆ. ಸಂಬಳ ಇಲ್ಲ, ಬೈಗುಳ ಮಾತ್ರ ಸಮಯಕ್ಕೆ ಸರಿಯಾಗಿ ಸಿಗುತ್ತದೆ. ಈ ಸಲ ನಮ್ಮವರೇ ಬರೆದ ನಾಟಕ, ಅಕ್ವಿಟೇನಿನ ಎಲಿನೋರ್ ರಾಣಿಯ ಮೇಲೆ. ಮೊದಲು ಫ್ರಾನ್ಸಿನ ರಾಣಿ. 1152ರಲ್ಲಿ ಆ ಮದುವೆ ಮುರಿದುಬಿತ್ತು. ಅದೇ ವರ್ಷ ಹೆನ್ರಿಯನ್ನು ಕಟ್ಟಿಕೊಂಡಳು, ಆಮೇಲೆ ಇಂಗ್ಲೆಂಡಿನ ರಾಣಿಯಾದಳು. ನಮ್ಮ ಕಥೆ 1150ರಿಂದ 1170ರೊಳಗೆ ಮುಗಿಯುತ್ತದೆ.

ನಿರ್ದೇಶಕರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಐಸ್‌ಕ್ರೀಮ್ ಕೋನನ್ನು ತಲೆ ಮೇಲೆ ಬೋರಲು ಹಾಕಿದ ಹಾಗೆ ಟೋಪಿ, ತುದಿಯಿಂದ ಇಳಿಬಿದ್ದ ಬಟ್ಟೆ. ಎದೆಗೆ ಕಾರ್ಸೆಟ್, ಮುಂದೆ ಅಡ್ಡಡ್ಡ ಲಾಡಿ. "ಇದೇ ಬೇಕು" ಅಂದರು.

ಕಳೆದ ಸಲ ಒಂದು ಬಾಡಿಗೆ ಅಂಗಡಿಯಿಂದ "ಯುರೋಪಿಯನ್ ರಾಣಿ ಸೆಟ್" ತಂದಿದ್ದೆವು. ಪಾಲಿಯೆಸ್ಟರ್ ಗೌನು, ಬೆನ್ನಿಗೆ ಜಿಪ್. ಎರಡನೇ ಅಂಕದಲ್ಲಿ ಜಿಪ್ ಬಾಯಿಬಿಟ್ಟಿತು. ಪಾಪ ಆ ಹುಡುಗಿ ಉಳಿದ ದೃಶ್ಯವನ್ನೆಲ್ಲ ಗೋಡೆಗೆ ಬೆನ್ನು ಕೊಟ್ಟೇ ಮುಗಿಸಿದಳು. ಅದಕ್ಕೇ ಈ ಸಲ ನಾನೇ ನಿಂತು ಹೊಲಿಸುತ್ತೇನೆ. ಆ ಚಿತ್ರ ಸರಿಯಾ? ಎಲ್ಲಿಂದ ಶುರು ಮಾಡಲಿ?

ಹಳೇ ಕಡತ

ಮೇಡಂ, ಆ ಚಿತ್ರದಲ್ಲಿ ಎಲಿನೋರ್ ಕಾಲದ್ದು ಒಂದೂ ಇಲ್ಲ. ಆ ಟೋಪಿಗೆ ಹೆನಿನ್ ಅಂತಾರೆ. ಒಂಟಿ ಕೋನಿನದ್ದು ಬಂದದ್ದು 15ನೇ ಶತಮಾನದ ಮಧ್ಯದಲ್ಲಿ, ಬರ್ಗಂಡಿ ಮತ್ತು ಫ್ರಾನ್ಸಿನ ಅರಮನೆಗಳಲ್ಲಿ. ನಿಮ್ಮ ರಾಣಿ ತೀರಿಕೊಂಡದ್ದು 1204ರಲ್ಲಿ. ಕಾರ್ಸೆಟ್ ಇನ್ನೂ ತಡ. ಗಟ್ಟಿ ಕಡ್ಡಿ ಸೇರಿಸಿ ಎದೆ ಸೊಂಟ ಬಿಗಿಯುವ ಪದ್ಧತಿ 16ನೇ ಶತಮಾನದ್ದು. ವಿಕ್ಟೋರಿಯಾ ಕಾಲದ ಕಾರ್ಸೆಟ್ಟನ್ನು ಬಟ್ಟೆಯ ಮೇಲೆ ಕಟ್ಟಿ "ಮಧ್ಯಯುಗ" ಅನ್ನುವುದು ಸುಮ್ನೆ ಜಾತ್ರೆ ವೇಷ.

ಮಧ್ಯಯುಗ ಅಂದರೆ ಸುಮಾರು ಸಾವಿರ ವರ್ಷ. ಅದಕ್ಕೆಲ್ಲ ಒಂದೇ ಬಟ್ಟೆ ಇರಲು ಸಾಧ್ಯವಾ? ನೀವು ನೋಡಬೇಕಾದದ್ದು ಎರಡು ಜಾಗ. ಒಂದು, ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ಪಶ್ಚಿಮ ಬಾಗಿಲು. ಕೆತ್ತಿದ್ದು ಸುಮಾರು 1145ರಿಂದ 1155ರೊಳಗೆ, ಅಂದರೆ ನಿಮ್ಮ ನಾಟಕ ಶುರುವಾಗುವ ಹೊತ್ತಿಗೆ. ಅಲ್ಲಿನ ಕಂಬದಂಥ ರಾಣಿಯರನ್ನು ನೋಡಿ. ಮೇಲ್ಭಾಗ ಮೈಗೆ ಅಂಟಿದೆ, ಕೆಳಗೆ ಪಾದದವರೆಗೂ ಸಣ್ಣ ಸಣ್ಣ ನೆರಿಗೆ. ಎರಡು ಜಡೆ ಮುಂದಕ್ಕೆ ಬಂದು ಸೊಂಟ ದಾಟಿ ಇಳಿದಿವೆ. ನಡುಪಟ್ಟಿಯ ಗಂಟು ಹೊಟ್ಟೆಗಿಂತ ಕೆಳಗೆ. ತೋಳು ಮುಂಗೈ ಹತ್ತಿರ ಇದ್ದಕ್ಕಿದ್ದಂತೆ ಅಗಲವಾಗಿ ಕೆಳಕ್ಕೆ ಜೋತುಬೀಳುತ್ತದೆ.

ಎರಡನೆಯದು ಫೊಂತೆವ್ರೋ ಮಠದಲ್ಲಿರುವ ಎಲಿನೋರಳ ಸಮಾಧಿ ಶಿಲ್ಪ. ಮಲಗಿಕೊಂಡು ಕೈಯಲ್ಲಿ ಪುಸ್ತಕ ತೆರೆದು ಹಿಡಿದಿದ್ದಾಳೆ. ಗದ್ದದ ಕೆಳಗೆ ಪಟ್ಟಿ, ತಲೆಗೆ ಮುಸುಕು, ಅದರ ಮೇಲೆ ಕಿರೀಟ. ಜಡೆ ಕಾಣುವುದಿಲ್ಲ. ಮದುವೆಯಾದವಳು ಕೂದಲು ಮುಚ್ಚಬೇಕು ಅಂತ ಚರ್ಚ್ ಹೇಳುತ್ತಿತ್ತು. ಆದರೂ ಶಾರ್ತ್ರ್‌ನಲ್ಲಿ ಮುಸುಕಿನ ಕೆಳಗಿಂದ ಜಡೆ ಇಳಿಬಿಟ್ಟಿದ್ದಾರೆ. ಹೇಳಿದ್ದಕ್ಕೂ ಮಾಡಿದ್ದಕ್ಕೂ ಆಗಲೂ ಅಷ್ಟೇ ದೂರ.

ತರಲೆ ತಿಮ್ಮ

ಅಂದ್ರೆ ರಾಣಿ ಸತ್ತ ಮೇಲೂ ಓದ್ತಾ ಇದ್ದಾಳೆ. ನಾನು ಬದುಕಿದ್ದಾಗಲೇ ಓದಲಿಲ್ಲ.

ಕಾಜಾ ಗುಂಡಿ

ಅಕ್ಕ, ನಾನು ದಾವಣಗೆರೆಯಲ್ಲಿ ಟೈಲರ್. ಚರಿತ್ರೆ ಗೊತ್ತಿಲ್ಲ, ಬಟ್ಟೆ ಗೊತ್ತು. ನೀವು ಪ್ಯಾಟರ್ನ್ ಹೇಗೆ ಮಾಡ್ತೀರಿ? ಮೇಲೆ ಟೈಟು, ಕೆಳಗೆ ಅಷ್ಟು ಘೇರು. ಡಾಟ್, ಅಂದ್ರೆ ಮೈಗೆ ಕೂರೋ ಹಾಗೆ ಬಟ್ಟೆ ಮಡಚಿ ಹಾಕೋ ಹೊಲಿಗೆ, ಅದು ಹಾಕದೆ ಆಗಲ್ಲ ಅಲ್ವಾ?

ಕೋಪನ್‌ಹೇಗನ್ ಕನ್ನಡತಿ

ಗುಂಡಿಯಣ್ಣ, ಡಾಟ್ ಇಲ್ಲದೆ ಆಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಅದು ಎಲಿನೋರ್ ಕಾಲದ್ದಲ್ಲ, ಸುಮಾರು ಇನ್ನೂರು ವರ್ಷ ಆಮೇಲಿನದು. ಆದರೂ ಹೇಳ್ತೀನಿ. ಮಧ್ಯಯುಗದಲ್ಲಿ ಸಾಮಾನ್ಯ ಜನ ಹಾಕಿಕೊಂಡ ಬಟ್ಟೆ ಇಡಿಯಾಗಿ ಸಿಗುವುದೇ ಅಪರೂಪ. ರಾಣಿಯರ ಬಟ್ಟೆಯೂ ಬೆರಳೆಣಿಕೆಯಷ್ಟೇ.

ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿ ಹೆರ್ಯೋಲ್ಫ್ಸ್‌ನೆಸ್ ಅಂತ ಒಂದು ಜಾಗ. ನಾರ್ವೆ, ಐಸ್‌ಲ್ಯಾಂಡ್ ಕಡೆಯ ಜನ ಅಲ್ಲಿ ನೆಲೆಸಿದ್ದರು. 1921ರಲ್ಲಿ ಪೌಲ್ ನೋರ್ಲುಂಡ್ ಎಂಬ ಡೇನಿಶ್ ಸಂಶೋಧಕ ಅಲ್ಲಿನ ಚರ್ಚಿನ ಸ್ಮಶಾನ ಅಗೆದ. ಹೆಣಕ್ಕೆ ಪೆಟ್ಟಿಗೆ ಮಾಡಲು ಮರ ಸಾಲದ ನಾಡು. ಹಾಗಾಗಿ ಬಹಳಷ್ಟು ಹೆಣಗಳನ್ನು ಹಳೇ ಬಟ್ಟೆಯಲ್ಲೇ ಸುತ್ತಿ ಹೂತಿದ್ದರು. ಆಮೇಲೆ ನೆಲ ಹೆಪ್ಪುಗಟ್ಟಿತು, ಉಣ್ಣೆ ಉಳಿಯಿತು. ಗಿಡದ ಬೇರುಗಳು ಬಟ್ಟೆಯನ್ನೇ ತೂರಿಕೊಂಡು ಬೆಳೆದಿದ್ದವಂತೆ. 14, 15ನೇ ಶತಮಾನದ ಗೌನು, ಮುಸುಕು, ಕಾಲುಚೀಲ. ಈಗ ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂನ ಸಂಗ್ರಹದಲ್ಲಿವೆ.

ಗಾಜಿನ ಹತ್ತಿರ ಮೂಗು ಒತ್ತಿ ನಿಂತು ನೋಡಿದೆ. ಬಣ್ಣ ಹೋಗಿ ಎಲ್ಲ ಕಾಫಿಪುಡಿ ಬಣ್ಣ. ಆದರೆ ಹೊಲಿಗೆ! ನಮ್ಮಮ್ಮ ಸೀರೆಗೆ ಫಾಲ್ಸ್ ಹಾಕುವಾಗಲೂ ಅಷ್ಟು ಸಣ್ಣ ಹೊಲಿಗೆ ಹಾಕುತ್ತಿರಲಿಲ್ಲ. ಮೈಗೆ ಮುಂದೊಂದು ಹಿಂದೊಂದು ತುಂಡು. ಪಕ್ಕಗಳಲ್ಲಿ ಕಂಕುಳಿನಿಂದ ಕೆಳಕ್ಕೆ ಉದ್ದ ಉದ್ದ ತುಂಡುಗಳು, ಮೇಲೆ ಸಣ್ಣ, ಕೆಳಗೆ ಅಗಲ. ಮುಂದೆ ಹಿಂದೆ ನಡುವನ್ನು ಸೀಳಿ ಅಲ್ಲೂ ತ್ರಿಕೋನ ಕೂರಿಸಿದ್ದಾರೆ. ಘೇರೆಲ್ಲ ಬರುವುದು ಅಲ್ಲಿಂದ.

ಕಾಜಾ ಗುಂಡಿ

ಓಹೋ. ಅದು ನಮ್ಮ ಹಳೇ ಜುಬ್ಬಾ ಲೆಕ್ಕ! ನಮ್ಮಪ್ಪ ಹಾಗೇ ಕತ್ತರಿಸೋರು.

ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಳೇ ಬೆಡ್‌ಶೀಟ್ ತಗೊಂಡು ಮಾಡಿ ನೋಡಿದೆ. ಉದ್ದನೆಯ ಪಟ್ಟಿ ಒಂದು ತಗೊಳ್ಳಿ. ಮೂಲೆಯಿಂದ ಮೂಲೆಗೆ ಕತ್ತರಿಸಿ. ಎರಡು ತ್ರಿಕೋನ ಬಂತು. ಒಂದು ಎಡಕ್ಕೆ, ಒಂದು ಬಲಕ್ಕೆ. ತೋಳಿಗೆ ನೇರ ಪಟ್ಟಿ, ಕಂಕುಳಿಗೆ ಒಂದು ಚೌಕ. ಆ ಚೌಕ ಇಲ್ಲದಿದ್ದರೆ ಕೈ ಎತ್ತಿದ ತಕ್ಷಣ ಪರ್ ಅಂತ ಹರಿಯುತ್ತೆ. ಕೊನೆಗೆ ಮಿಕ್ಕಿದ್ದು ಕೊರಳಿನ ತುಂಡು ಮಾತ್ರ, ಅಂಗೈಯಷ್ಟು. ಇವತ್ತು ನಾವು ಒಂದು ಚೂಡಿದಾರ್ ಕತ್ತರಿಸಿದರೆ ಒಂದು ಚೀಲ ಚಿಂದಿ ಬೀಳುತ್ತೆ.

ಒಂದೇ ಹುಷಾರು. ತ್ರಿಕೋನದ ಓರೆ ಅಂಚನ್ನು ನೇರ ಅಂಚಿಗೇ ಜೋಡಿಸಬೇಕು. ಓರೆಗೆ ಓರೆ ಸೇರಿಸಿದರೆ ನಾಲ್ಕು ದಿನದಲ್ಲಿ ಜೋತುಬಿದ್ದು ಕೆಳಗಿನ ಅಂಚು ಅಂಕುಡೊಂಕು ಆಗುತ್ತೆ.

ಬಣ್ಣದ ಮಡಕೆ

ಚಿಂದಿ ಬೀಳಿಸದ್ದಕ್ಕೆ ಕಾರಣ ಜಾಣತನ ಮಾತ್ರ ಅಲ್ಲ, ಬಟ್ಟೆ ದುಬಾರಿ. ಕುರಿಯ ಉಣ್ಣೆ ಕತ್ತರಿಸಿ, ಬಾಚಿ, ಕದಿರಿನಲ್ಲಿ ಒಂದೊಂದೇ ಎಳೆ ನೂತು, ನೇಯ್ದು, ಆಮೇಲೆ ತುಳಿದು ಗಟ್ಟಿ ಮಾಡಬೇಕು. ತುಳಿಯುವಾಗ ಜಿಡ್ಡು ಹೋಗಲಿ ಅಂತ ಹಳಸಿದ ಮೂತ್ರವನ್ನೂ ಹಾಕುತ್ತಿದ್ದರು. ನೂಲುವ ರಾಟೆ ಯುರೋಪಿಗೆ ಬಂದದ್ದು 13ನೇ ಶತಮಾನದಲ್ಲಿ. ಎಲಿನೋರ್ ಕಾಲದಲ್ಲಿ ಎಲ್ಲ ನೂಲೂ ಕೈಕದಿರಿನದು.

ನಾನು ಮನೆ ಹಿತ್ತಲಲ್ಲಿ ಗಿಡದ ಬಣ್ಣ ಹಾಕುವವಳು. ಅದಕ್ಕೇ ಬಣ್ಣದ ಬಗ್ಗೆ ಬಾಯಿ ಹಾಕುತ್ತೇನೆ. ಸಿನಿಮಾದಲ್ಲಿ ಮಧ್ಯಯುಗದವರಿಗೆಲ್ಲ ಮಣ್ಣಿನ ಬಣ್ಣ. ಅದು ಸುಳ್ಳು. ಮಂಜಿಷ್ಠದ ಜಾತಿಯದೇ ಒಂದು ಬೇರಿನಿಂದ ಕೆಂಪು, ವೆಲ್ಡ್ ಎಂಬ ಗಿಡದಿಂದ ಹಳದಿ, ವೋಡ್ ಎಂಬ ಸೊಪ್ಪಿನಿಂದ ನೀಲಿ. ಮೂರಿದ್ದರೆ ಹಸಿರು, ಕಿತ್ತಳೆ, ನೇರಳೆ ಎಲ್ಲ ಆಯಿತು. ವೋಡ್ ಸೊಪ್ಪಿನಲ್ಲಿ ಇರುವುದೂ ನಮ್ಮ ನೀಲಿ ಗಿಡದ ಬಣ್ಣವೇ, ಆದರೆ ಕಡಿಮೆ. ಮಡಕೆಯಿಂದ ಬಟ್ಟೆ ಎತ್ತಿದಾಗ ಹಸಿರು ಹಳದಿಯಾಗಿ ಇರುತ್ತದೆ. ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇನ್ನೂ ಬೇಜಾರಾಗಿಲ್ಲ. ನಮ್ಮ ದೇಶದ ನೀಲಿಯೂ ಸ್ವಲ್ಪ ಸ್ವಲ್ಪ ಅಲ್ಲಿಗೆ ಹೋಗುತ್ತಿತ್ತು. ಬಾಗ್ದಾದ್ ದಾಟಿ ಹೋಗುತ್ತಿದ್ದರಿಂದ ಇಟಲಿಯ ವ್ಯಾಪಾರಿಗಳು ಅದಕ್ಕೆ ಬಾಗ್ದಾದ್ ನೀಲಿ ಅನ್ನುತ್ತಿದ್ದರು.

ಎಲ್ಲಕ್ಕಿಂತ ದುಬಾರಿ ಕೆರ್ಮೆಸ್ ಕೆಂಪು. ಓಕ್ ಗಿಡದ ಮೇಲಿನ ಸಣ್ಣ ಹುಳುಗಳನ್ನು ಉಗುರಿನಲ್ಲಿ ಕೆರೆದು ಒಣಗಿಸಿ ಮಾಡುವುದು. ರಾಣಿಗೆ ಅದೇ ಕೆಂಪು ಕೊಡಿ. ಬೂದು ಬಣ್ಣ ಕೊಟ್ಟು ಅವಮಾನ ಮಾಡಬೇಡಿ.

ನೇಪಥ್ಯದಾಕೆ

ಕೆಂಪು ಬರೆದುಕೊಂಡೆ. ಆದರೆ ಒಂದು ಅನುಮಾನ. ಕಾರ್ಸೆಟ್ ಇಲ್ಲ ಅಂದಿರಿ. ಶಾರ್ತ್ರ್ ಶಿಲ್ಪದಲ್ಲಿ ಮೈಗೆ ಅಂಟಿದೆ ಅಂತಲೂ ಅಂದಿರಿ. ಹೇಗೆ ಅಂಟಿತು? ತಲೆಯಿಂದ ಹಾಕಿಕೊಳ್ಳುವ ಬಟ್ಟೆ ಸೊಂಟದಲ್ಲಿ ಅಷ್ಟು ಬಿಗಿ ಇದ್ದರೆ ಹೆಗಲೇ ದಾಟುವುದಿಲ್ಲವಲ್ಲ!

ಹಳೇ ಕಡತ

ಅದು ಕಲ್ಲು ಮೇಡಂ. ಶಿಲ್ಪಿ ನೀಳ ಮಾಡಿದ್ದಾನೆ. ನಿಜವಾಗಿ ಬಟ್ಟೆ ಮೈ ಅಳತೆಗೆ ಕೂತದ್ದು 1340ರ ಸುಮಾರಿಗೆ. ಅಲ್ಲಿಯವರೆಗೆ ಸಡಿಲ, ಅಲ್ಲಿಂದ ಬಿಗಿ. ಫ್ಯಾಷನ್ ಅನ್ನುವುದು ಹುಟ್ಟಿದ್ದೇ ಆಗ.

ಕೋಪನ್‌ಹೇಗನ್ ಕನ್ನಡತಿ

ಸರ್, ಇದಕ್ಕೆ ನನ್ನ ತಕರಾರಿದೆ. 12ನೇ ಶತಮಾನದಲ್ಲೇ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ ಇದ್ದಳು. ಅವಳ ಒಂದು ಕಥೆಯಲ್ಲಿ ಇಬ್ಬರು ಹುಡುಗಿಯರು ಬರುತ್ತಾರೆ. ಅವರ ಬ್ಲಿಯೋವನ್ನು ಬಿಗಿಯಾಗಿ ಲಾಡಿಯಿಂದ ಕಟ್ಟಿತ್ತು ಅಂತ ಸ್ಪಷ್ಟವಾಗಿ ಹೇಳುತ್ತಾಳೆ. ನೇಪಥ್ಯದವರೇ, ಬ್ಲಿಯೋ ಅಂದರೆ ನಿಮ್ಮ ರಾಣಿ ಹಾಕಿಕೊಳ್ಳುವ ಮೇಲಿನ ಗೌನೇ.

ಇನ್ನೊಂದು ಸಾಕ್ಷಿ ಇದಕ್ಕಿಂತ ಮಜಾ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ವಿಂಚೆಸ್ಟರಿನಲ್ಲಿ ಬರೆದ ಬೈಬಲ್ ಕೀರ್ತನೆಗಳ ಹಸ್ತಪ್ರತಿ ಇದೆ. 12ನೇ ಶತಮಾನದ ನಡುವಿನದು. ಅದರಲ್ಲಿ ಏಸುವನ್ನು ಮರುಳು ಮಾಡಲು ಬರುವ ಸೈತಾನ ಹಾಕಿಕೊಂಡಿರುವುದು ಆ ಕಾಲದ ಸೊಗಸುಗಾತಿಯ ಗೌನು! ಪಕ್ಕೆಯಲ್ಲಿ ಲಾಡಿ, ಒಂದೊಂದು ತೂತೂ ಕಾಣುವ ಹಾಗೆ. ಸನ್ಯಾಸಿಗಳಿಗೆ ಆ ಗೌನಿನ ಮೇಲೆ ಎಷ್ಟು ಸಿಟ್ಟು ಅಂದರೆ ತಂದು ಸೈತಾನನಿಗೆ ಉಡಿಸಿಬಿಟ್ಟರು. ಬೈಯುವುದಕ್ಕಾದರೂ ಸರಿಯಾಗಿ ನೋಡಿ ಬರೆದಿದ್ದಾರೆ. ನಮಗೆ ಬೇಕಾದದ್ದು ಅಷ್ಟೇ.

ತರಲೆ ತಿಮ್ಮ

ಸೈತಾನನ ಟೈಲರ್ ಯಾರು ಅಂತ ವಿಳಾಸ ಸಿಗುತ್ತಾ?

ಹಳೇ ಕಡತ

ಸರಿ, ಒಪ್ಪಿದೆ. ಲಾಡಿ ಮೊದಲೇ ಇತ್ತು. ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. 12ನೇ ಶತಮಾನದಲ್ಲಿ ಲಾಡಿ ಎಳೆದು ಬಿಗಿ ಮಾಡಿದರು. 14ನೇ ಶತಮಾನದಲ್ಲಿ ಕತ್ತರಿಸಿಯೇ ಬಿಗಿ ಮಾಡಿದರು. ವ್ಯತ್ಯಾಸ ಇರುವುದು ಕತ್ತರಿಯಲ್ಲಿ. ತೋಳನ್ನು ನೇರ ಪಟ್ಟಿಯಾಗಿ ಅಂಟಿಸದೆ, ಹೆಗಲಿನ ಗುಂಡಗಿನ ಆಕಾರಕ್ಕೆ ಬಗ್ಗಿಸಿ ಕತ್ತರಿಸಿ ಕೂರಿಸಿದ್ದು ದೊಡ್ಡ ಬದಲಾವಣೆ. ಇದನ್ನು ಗಂಡಸರಲ್ಲಿ ಚೆನ್ನಾಗಿ ನೋಡಬಹುದು. 1364ರಲ್ಲಿ ಯುದ್ಧದಲ್ಲಿ ಸತ್ತ ಶಾರ್ಲ್ ದ ಬ್ಲುವಾನದು ಅನ್ನುವ ಅಂಗಿ ಫ್ರಾನ್ಸಿನ ಲಿಯೋನ್‌ನ ಬಟ್ಟೆ ಮ್ಯೂಸಿಯಂನಲ್ಲಿದೆ. ತೋಳು ಎದೆಯ ಅರ್ಧದವರೆಗೂ ಬಂದು ಕೂತಿದೆ. ಹೆಂಗಸರ ಗೌನಿನಲ್ಲೂ ಅದೇ ಹೊತ್ತಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಸಾಲಾಗಿ ಗುಂಡಿ. ಲಂಡನ್ನಿನ ಥೇಮ್ಸ್ ದಂಡೆಯ ಹಳೇ ಕಸದಲ್ಲಿ ಇಂಥ ತೋಳಿನ ತುಂಡುಗಳು ಸಿಕ್ಕಿವೆ. ಬಟ್ಟೆಯದೇ ಪುಟಾಣಿ ಗುಂಡಿ, ಒತ್ತೊತ್ತಾಗಿ.

ಕಾಜಾ ಗುಂಡಿ

ಹೊಲಿದದ್ದು ಯಾರೋ ಪುಣ್ಯಾತ್ಮ. ಕೈಯಲ್ಲಿ ಅಷ್ಟು ಕಾಜಾ ಎತ್ತಿ ಕಣ್ಣು ಕಳಕೊಂಡಿರಬೇಕು.

ಹಳೇ ಕಡತ

ಗುಂಡಿ ಅಂದ ತಕ್ಷಣ ಫ್ಲಾರೆನ್ಸ್ ನೆನಪಾಯಿತು. ಅಲ್ಲಿ ಹೆಂಗಸರು ಎಷ್ಟು ಗುಂಡಿ, ಎಂಥ ತುಪ್ಪಳ ಹಾಕಬಹುದು ಅನ್ನುವುದಕ್ಕೂ ಕಾನೂನಿತ್ತು. 14ನೇ ಶತಮಾನದ ಕಥೆಗಾರ ಸಕ್ಕೆಟ್ಟಿ ಒಂದು ಪ್ರಸಂಗ ಹೇಳುತ್ತಾನೆ. ಕಾನೂನು ಜಾರಿಗೆ ಬಂದ ಅಧಿಕಾರಿ ಒಬ್ಬಳನ್ನು ಬೀದಿಯಲ್ಲಿ ತಡೆದು, "ಈ ಗುಂಡಿ ಹಾಕುವ ಹಾಗಿಲ್ಲ" ಅಂದ. ಅವಳು, "ಇವು ಗುಂಡಿಯೇ ಅಲ್ಲ ಸ್ವಾಮಿ, ಬಟ್ಟಲು. ಬೇಕಾದರೆ ನೋಡಿ, ತೊಟ್ಟೂ ಇಲ್ಲ, ಕಾಜಾನೂ ಇಲ್ಲ" ಅಂದಳು. ಇನ್ನೊಬ್ಬಳ ಹತ್ತಿರ ಹೋಗಿ, "ಇದು ಎರ್ಮಿನ್ ತುಪ್ಪಳ" ಅಂದ. ಅವಳು, "ಅಲ್ಲ, ಇದು ಲತ್ತಿಜಿಯೋ" ಅಂದಳು. "ಹಾಗಂದರೇನು?" "ಅದೊಂದು ಪ್ರಾಣಿ." ಅಧಿಕಾರಿ ಕೈಚೆಲ್ಲಿ ಹೋಗಿ ಮೇಲಿನವರ ಮುಂದೆ ಗೋಳು ಹೇಳಿಕೊಂಡ. ಅವರೂ ಬಿಟ್ಟುಬಿಡಿ ಅಂದರು.

ಇಂಗ್ಲೆಂಡಿನಲ್ಲಿ 1363ರಲ್ಲಿ ಇನ್ನೂ ದೊಡ್ಡ ಪಟ್ಟಿ ಮಾಡಿದರು. ಯಾವ ಅಂತಸ್ತಿನವರು ಎಷ್ಟು ಬೆಲೆಯ ಬಟ್ಟೆ ಹಾಕಬೇಕು ಅಂತ. ಕುಶಲಕರ್ಮಿಗಳ ಹೆಂಡತಿಯರಿಗೆ ರೇಷ್ಮೆ ಮುಸುಕು ಬೇಡ. ತುಪ್ಪಳ ಬೇಕಿದ್ದರೆ ಕುರಿಮರಿ, ಮೊಲ, ನರಿ, ಬೆಕ್ಕು ಇಷ್ಟೇ. ಹೌದು, ಬೆಕ್ಕು. ಇದು ಯಾಕೆ ಆಗಲೇ ಬಂತು? 1348ರ ಪ್ಲೇಗಿನಲ್ಲಿ ಅಷ್ಟು ಜನ ಸತ್ತಮೇಲೆ ಉಳಿದ ಕೂಲಿಯವರ ಬೆಲೆ ಏರಿತು. ಕೈಯಲ್ಲಿ ನಾಲ್ಕು ಕಾಸು ಆಡಿತು. ಒಳ್ಳೆ ಬಟ್ಟೆ ಕೊಂಡರು. ಮೇಲಿನವರಿಗೆ ಹೊಟ್ಟೆ ಉರಿಯಿತು. ಎರಡು ವರ್ಷ ಆಗುವುದರೊಳಗೆ ಕಾನೂನು ರದ್ದಾಯಿತು. ಯಾರೂ ಕೇಳಿರಲಿಕ್ಕಿಲ್ಲ ಬಿಡಿ.

ಬಣ್ಣದ ಮಡಕೆ

ಸರ್, ಗೌನಿನ ಒಳಗೆ ಏನು ಹಾಕುತ್ತಿದ್ದರು ಅಂತ ಯಾರೂ ಹೇಳಲಿಲ್ಲ. ಉಣ್ಣೆ ನೇರ ಮೈಗೆ ತಾಗಿದರೆ ಕೆರೆದು ಸಾಯಬೇಕು.

ಕೋಪನ್‌ಹೇಗನ್ ಕನ್ನಡತಿ

ಲಿನೆನ್ ಒಳಂಗಿ, ಉದ್ದನೆಯದು. ಅಗಸೆ ನಾರಿನ ಬಟ್ಟೆ. ಬೆವರೆಲ್ಲ ಅದು ಹೀರುತ್ತದೆ, ಅದನ್ನು ಮಾತ್ರ ಒಗೆಯುತ್ತಾರೆ, ಮೇಲಿನ ಉಣ್ಣೆಯನ್ನು ಕೊಡವಿ ಬಿಸಿಲಿಗೆ ಹಾಕುತ್ತಾರೆ. ಎಲಿನೋರ್‌ಗಿಂತ ಐನೂರು ವರ್ಷ ಹಿಂದಿನ ಒಂದು ಲಿನೆನ್ ಬಟ್ಟೆ ಪ್ಯಾರಿಸ್ ಹತ್ತಿರದ ಶೆಲ್‌ನಲ್ಲಿ ಉಳಿದಿದೆ. ಬಾಲ್ಟಿಲ್ಡ್ ರಾಣಿಯದು ಅನ್ನುತ್ತಾರೆ. ಗುಲಾಮಳಾಗಿ ಬಂದು ರಾಣಿಯಾದವಳು, ಕೊನೆಗೆ ಮಠ ಸೇರಿದಳು. ಆ ಬಟ್ಟೆಯ ಕೊರಳಿಗೆ ಸರಗಳನ್ನು ಬಣ್ಣದ ರೇಷ್ಮೆ ದಾರದಲ್ಲಿ ಕಸೂತಿ ಹಾಕಿದ್ದಾರೆ. ಚಿನ್ನ ಇಲ್ಲ, ಚಿನ್ನದ ಸರದ ಆಕಾರ ಮಾತ್ರ. ನನಗೆ ಇಡೀ ಮಧ್ಯಯುಗದಲ್ಲಿ ಇಷ್ಟದ ಬಟ್ಟೆ ಇದೇ.

ತರಲೆ ತಿಮ್ಮ

ತಪ್ಪು ತಿಳಿಯಬೇಡಿ, ನಿಜವಾಗ್ಲೂ ಕೇಳ್ತಿದ್ದೀನಿ. ಬ್ರಾ ಅನ್ನೋದು ಇತ್ತೀಚಿನದ್ದು ಅಲ್ವಾ? ಅಮೆರಿಕದಲ್ಲಿ 1914ರಲ್ಲಿ ಪೇಟೆಂಟ್ ಅಂತ ಕ್ವಿಜ್‌ನಲ್ಲಿ ಕೇಳಿದ್ರು.

ಕೋಪನ್‌ಹೇಗನ್ ಕನ್ನಡತಿ

ತಿಮ್ಮಣ್ಣ, ಕ್ವಿಜ್‌ನವರು 2012ರವರೆಗೆ ಧೈರ್ಯವಾಗಿ ಹಾಗೆ ಕೇಳಬಹುದಿತ್ತು. ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆ ರಿಪೇರಿ ಮಾಡುವಾಗ, 2008ರಲ್ಲಿ, ನೆಲದ ಹಲಗೆ ಕೆಳಗೆ 15ನೇ ಶತಮಾನದ ಕಸ ಸಿಕ್ಕಿತು. 2,700ಕ್ಕೂ ಹೆಚ್ಚು ಬಟ್ಟೆ ಚೂರು. ಅದರಲ್ಲಿ ನಾಲ್ಕು ಥೇಟ್ ಬ್ರಾ. ಲಿನೆನ್ನಿನದು, ಕತ್ತರಿಸಿ ಹೊಲಿದ ಎರಡು ಕಪ್‌ಗಳು, ಒಂದಕ್ಕೆ ಹೆಗಲ ಪಟ್ಟಿ ಕೂಡ. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬೇಯಾಟ್ರಿಕ್ಸ್ ನುಟ್ಸ್ ಅದನ್ನು ಅಧ್ಯಯನ ಮಾಡಿ 2012ರಲ್ಲಿ ಹೊರಗೆ ಹೇಳಿದರು. ಅಂಥದ್ದರ ಮೇಲೆ ಆಗಲೇ ದೂರೂ ಇತ್ತು. ಜರ್ಮನಿಯ ಎರ್ಫರ್ಟಿನ ಒಬ್ಬ ವೃತ್ತಾಂತಕಾರ 1480ರಲ್ಲಿ, ಹೆಂಗಸರು ಅಂಗಿಗೆ ಚೀಲ ಹೊಲಿಸಿ ಅದರೊಳಗೆ ಎದೆ ತುಂಬಿಕೊಳ್ಳುತ್ತಾರೆ ಅಂತ ಗೊಣಗಿದ್ದಾನೆ. ಅವನ ಗೊಣಗಾಟ ಏನು ಅಂತ ಯಾರಿಗೂ ಸರಿಯಾಗಿ ಗೊತ್ತಾಗಿರಲಿಲ್ಲ, ಆ ಕಸ ಸಿಗುವವರೆಗೆ.

ನೇಪಥ್ಯದಾಕೆ

ನಿರ್ದೇಶಕರಿಗೆ ಎಲ್ಲ ಓದಿ ಹೇಳಿದೆ. ಕಾರ್ಸೆಟ್ ಬಿಟ್ಟರು. ಟೋಪಿ ಬಿಡಲಿಲ್ಲ! "ಟೋಪಿ ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಇದು ಯುರೋಪ್ ಅಂತ ಹೇಗೆ ಗೊತ್ತಾಗಬೇಕು?" ಅಂತಾರೆ. ಅವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ.

ಹಳೇ ಕಡತ

ಹಾಗಾದರೆ ಅವರಿಗೆ ಥೋಮಾ ಕೊನೆಕ್ಟ್ ಕಥೆ ಹೇಳಿ. 1428ರ ಸುಮಾರಿಗೆ ಫ್ಲಾಂಡರ್ಸ್, ಉತ್ತರ ಫ್ರಾನ್ಸ್ ಸುತ್ತಿದ ಸನ್ಯಾಸಿ. ಎತ್ತರದ ತಲೆ ಅಲಂಕಾರ ಕಂಡರೆ ಉರಿದುಬೀಳುತ್ತಿದ್ದ. ಬೀದಿ ಹುಡುಗರನ್ನು ಎತ್ತಿಕಟ್ಟಿ, ಅಂಥ ಹೆಂಗಸು ಕಂಡರೆ "ಹೆನಿನ್, ಹೆನಿನ್" ಅಂತ ಕೂಗಿ ಅಟ್ಟಿಸಿಕೊಂಡು ಹೋಗಿ ಅನ್ನುತ್ತಿದ್ದ. ಆಗಿನದು ಕೋನ್ ಅಲ್ಲ, ಎರಡು ಕೊಂಬಿನ ಥರದ್ದು. ಹೆಂಗಸರು ಕಿತ್ತು ಬೆಂಕಿಗೆ ಹಾಕಿದರು. ಅವನು ಊರು ಬಿಟ್ಟ ಮೇಲೆ ಮತ್ತೆ ಹಾಕಿಕೊಂಡರು. ಯಾರಾದರೂ ಬಂದರೆ ಬಸವನಹುಳು ಕೊಂಬು ಒಳಗೆಳೆದುಕೊಂಡು, ಅವರು ಹೋದಮೇಲೆ ಮತ್ತೆ ಚಾಚುತ್ತದಲ್ಲ, ಹಾಗೆ ಅಂತ ಹಳೆಯ ವೃತ್ತಾಂತಕಾರರು ಬರೆದಿದ್ದಾರೆ.

ಹಿಂದಿನ ಸಾಲಿಗೆ ಕಾಣಬೇಕಾದರೆ ತೋಳು ಸಾಕು ಮೇಡಂ. ನೆಲ ಮುಟ್ಟುವ ತೋಳು, ಒಳಗೆ ಬೇರೆ ಬಣ್ಣದ ಅಸ್ತರು. ಕೈ ಎತ್ತಿದರೆ ಬಾವುಟ.

ಕಾಜಾ ಗುಂಡಿ

ಅಕ್ಕ, ಅಳತೆ ಕಳಿಸಿ. ನಾನು ಹೊಲಿದು ಕೊಡ್ತೀನಿ. ಕೂಲಿ ಬೇಡ, ಬಟ್ಟೆ ನಿಮ್ಮದು. ಉಣ್ಣೆ ಬೇಡ, ಲೈಟ್ ಕೆಳಗೆ ಬೆಂದು ಹೋಗ್ತಾರೆ. ಜೋತುಬೀಳುವ ದಪ್ಪ ರೇಯಾನ್ ತಗೊಳ್ಳಿ. ಪಕ್ಕೆಗೆ ಲಾಡಿ, ಎರಡೂ ಕಡೆ. ಜಿಪ್ ಅಂತ ನನ್ನ ಮುಂದೆ ಹೇಳಬೇಡಿ.

ನೇಪಥ್ಯದಾಕೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಗುಂಡಿಯಣ್ಣ ಕಳಿಸಿದ ಗೌನು ಬಂತು, ನಿನ್ನೆ ರಿಹರ್ಸಲ್‌ನಲ್ಲಿ ಹಾಕಿಸಿದೆವು. ನಿರ್ದೇಶಕರು ಒಂದು ಸುತ್ತು ಬಂದು ನೋಡಿ ಟೋಪಿಯ ಮಾತೇ ಎತ್ತಲಿಲ್ಲ. ಆದರೆ ತೋಳು ಸ್ವಲ್ಪ ಜಾಸ್ತಿಯೇ ಉದ್ದ. ಸಿಂಹಾಸನದಿಂದ ಏಳುವಾಗ ನಮ್ಮ ಹುಡುಗಿ ತನ್ನ ತೋಳನ್ನೇ ತುಳಿದು ಮುಗ್ಗರಿಸಿದಳು. ಎರಡನೇ ಸಲವೂ ಅದೇ. ಮೂರನೇ ಸಲ ತಲೆಕೆಟ್ಟು, ಎರಡೂ ತೋಳಿನ ತುದಿಗೆ ಒಂದೊಂದು ದೊಡ್ಡ ಗಂಟು ಹಾಕಿಕೊಂಡು ಬಂದಳು. ನೋಡಲು ಚೆನ್ನಾಗೇ ಇದೆ. ತಪ್ಪಾಗುತ್ತದಾ? ಕತ್ತರಿಸಿ ಗಿಡ್ಡ ಮಾಡಿಸಲಾ?

ಕೋಪನ್‌ಹೇಗನ್ ಕನ್ನಡತಿ

ಕತ್ತರಿ ಮುಟ್ಟಬೇಡಿ! ಆ ವಿಂಚೆಸ್ಟರ್ ಸೈತಾನನ ಚಿತ್ರ ಇನ್ನೊಮ್ಮೆ ತೆಗೆದು ನೋಡಿ. ಲಾಡಿ ನೋಡುವ ಗಡಿಬಿಡಿಯಲ್ಲಿ ನಾನು ತೋಳಿನ ಬಗ್ಗೆ ಹೇಳಲೇ ಇಲ್ಲ. ಅವನೂ ಗಂಟು ಹಾಕಿಕೊಂಡಿದ್ದಾನೆ.

ತರಲೆ ತಿಮ್ಮ

ಅವನೂ ತುಳಿದಿರಬೇಕು.